ಪುರುಸೊತ್ತು ಯಾರ ಸ್ವತ್ತು?

ಕಳೆದ ಚಳಿಗಾಲದಲ್ಲಿ ಊರಿಗೆ ಹೋಗಿದ್ದಾಗ ಗೆಳೆಯರು ಸೇರಿ ಒಂದು ಸಣ್ಣ ಕಥಾವಾಚನ ಇಟ್ಟುಕೊಂಡಿದ್ದರು. ಊರೆಂದರೆ ಬೇಡಕಿಹಾಳ. ಹಿಂದೆ ಚಿಕ್ಕೋಡಿ ತಾಲ್ಲೂಕಿನಲ್ಲಿದ್ದು ಈಗ ನಿಪ್ಪಾಣಿ ತಾಲ್ಲೂಕಿಗೆ ಸೇರಿರುವ, ಮಹಾರಾಷ್ಟ್ರದ ಗಡಿಗೆ ಹತ್ತಿಕೊಂಡಿರುವ ಊರು. ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಕೇಳುತ್ತ ಬೆಳೆದವರು ನಾವು. ಸುತ್ತ ಕಬ್ಬು, ತಂಬಾಕು. ಗಡಿಯಾಚೆ ಇಚಲಕರಂಜಿಯ ಪವರ್‌ಲೂಮುಗಳು. ಅಂದು ನಾನು ಓದಿದ್ದು ನನ್ನದೇ ಹಳೆಯ ಕತೆಯೊಂದನ್ನು. ಅದರಲ್ಲಿ ಒಬ್ಬ ತಾಯಿ, ಮನೆ ಬಿಟ್ಟು ಹೋದ ಗಂಡ, ತೀರದ ಸಾಲ, ಮಗಳ ನಿಕಾಹ್, ಕೊನೆಯಲ್ಲಿ ಒಂದು ಸಾವು. ಓದಿ ಮುಗಿಸಿದಾಗ ಎಲ್ಲರೂ ಗಂಭೀರವಾಗಿ ಕುಳಿತಿದ್ದರು. ಆಯುಷ್ಯದ ಬಹುಪಾಲನ್ನು ಮಗ್ಗದ ಮುಂದೆ ಕಳೆದ ಹಿರಿಯರೊಬ್ಬರು ಹಿಂದಿನ ಸಾಲಿನಿಂದ ಎದ್ದು ನಿಂತು ಕೇಳಿದರು:

“ಕತಿ ಚಲೋ ಐತ್ರಿ ಸರ. ಆದ್ರ ನಿಮ್ಮ ಕತ್ಯಾಗಿನ ಮಂದಿಗೆ ಒಂದ್ ತಾಸರ ಪುರುಸೊತ್ತ ಸಿಗೂದಿಲ್ಲೇನ್ರಿ? ನಮಗರ ಅಷ್ಟ ಇಷ್ಟ ಸಿಗತೈತಿ.”

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಬಸ್ಸಿನಲ್ಲಿ ಕುಳಿತು ವಾಪಸು ಬರುವಾಗ ಆ ಮಾತು ಬಿಡಲಿಲ್ಲ. ಇಪ್ಪತ್ತು ವರ್ಷಗಳಿಂದ ಬರೆದ ಕತೆಗಳನ್ನೆಲ್ಲ ಒಂದೊಂದಾಗಿ ನೆನೆದುಕೊಂಡೆ. ನನ್ನ ಪಾತ್ರಗಳು ದುಡಿಯುತ್ತವೆ, ಅಳುತ್ತವೆ, ಜಗಳವಾಡುತ್ತವೆ, ಗಲಭೆಯಲ್ಲಿ ಓಡುತ್ತವೆ, ಪೊಲೀಸ್ ಠಾಣೆಯ ಮುಂದೆ ಕಾಯುತ್ತವೆ. ಒಬ್ಬನೂ ಒಂದು ಸಂಜೆ ಸುಮ್ಮನೆ ಕುಳಿತು ಹಕ್ಕಿ ನೋಡಿದ್ದಿಲ್ಲ. ಇದು ನನ್ನೊಬ್ಬನ ಕೊರತೆಯೋ ಅಥವಾ ಮುಸ್ಲಿಂ ಬದುಕನ್ನು ಕುರಿತ ನಮ್ಮ ಬರವಣಿಗೆಯ ಒಟ್ಟು ಸ್ವಭಾವವೋ ಎಂಬ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಮಾತುಗಳ ಹಾದಿ

ಆ ಹಿರಿಯರು ಬಳಸಿದ ಪದವನ್ನೇ ನೋಡಿ. ‘ಪುರುಸೊತ್ತು’ ಎನ್ನುವುದು ‘ಫುರ್ಸತ್’ ಎಂಬ ಮಾತಿನ ಕನ್ನಡ ರೂಪ. ಅರಬ್ಬಿಯಿಂದ ಪಾರಸಿಗೆ, ಅಲ್ಲಿಂದ ದಖನಿ ಉರ್ದು, ಮರಾಠಿಗಳಿಗೆ ಬಂದು ನಮ್ಮ ಅಡುಗೆಮನೆಯವರೆಗೂ ತಲುಪಿದ ಪದ ಇದು. ಮೂಲದಲ್ಲಿ ಅದಕ್ಕೆ ‘ಒದಗಿ ಬಂದ ಅವಕಾಶ’ ಎಂಬ ಅರ್ಥವಿದೆ. ‘ರಜೆ’ ಬಂದದ್ದು ‘ರಜಾ’ ಎಂಬುದರಿಂದ. ಹಾಗೆಂದರೆ ಒಪ್ಪಿಗೆ, ಸಮ್ಮತಿ. ಧಣಿಯೋ ಮೇಲಧಿಕಾರಿಯೋ ಒಪ್ಪಿ ಕೊಟ್ಟ ಹೊತ್ತು ಅದು. ‘ಮಜಾ’ ಎಂದರೆ ಪಾರಸಿಯಲ್ಲಿ ರುಚಿ. ‘ತಮಾಷೆ’ಯ ಮೂಲದಲ್ಲಿರುವುದು ನಡೆಯುವುದು ಎಂಬ ಅರ್ಥ: ಸುಮ್ಮನೆ ಅಡ್ಡಾಡುತ್ತ ಕಂಡದ್ದನ್ನು ನೋಡುವುದೇ ತಮಾಷಾ. ‘ಶೌಕ್’ ಎಂದರೆ ಉತ್ಕಟವಾದ ಆಸೆ, ಹಂಬಲ. ಸೂಫಿಗಳು ದೇವರ ಕಡೆಗಿನ ತಮ್ಮ ಹಂಬಲಕ್ಕೂ ಅದೇ ಪದ ಬಳಸಿದರು.

ಕನ್ನಡಕ್ಕೆ ತನ್ನದೇ ಪದಗಳಿರಲಿಲ್ಲವೆಂದಲ್ಲ. ಬಿಡುವು, ಆಟ, ಹರಟೆ ಇವೆಲ್ಲ ನಮ್ಮವೇ. ಆದರೂ ಬಿಡುವಿನ ಸುಖಗಳನ್ನು ಹೇಳುವ ಇಷ್ಟೊಂದು ಮಾತುಗಳು ಉರ್ದುವಿನ ಬಾಗಿಲಿನಿಂದ ಬಂದಿವೆ ಎಂಬುದು ಸಣ್ಣ ಸಂಗತಿಯಲ್ಲ. ಎರಡು ಸಮುದಾಯಗಳು ಕೇವಲ ಕಚೇರಿ, ಕಂದಾಯಗಳ ವ್ಯವಹಾರ ನಡೆಸಿದ್ದರೆ ಕಾಗದಪತ್ರದ ಮಾತುಗಳಷ್ಟೇ ದಾಟಿಬರುತ್ತಿದ್ದವು. ಮಜಾ, ತಮಾಷೆ, ಖುಷಿಗಳು ದಾಟಿಬರಬೇಕಾದರೆ ಜೊತೆಯಲ್ಲಿ ಕುಳಿತು ಹೊತ್ತು ಕಳೆದಿರಲೇಬೇಕು.

ಆದರೆ ಹೀಗೆ ಬಂದ ಮಾತುಗಳಿಗೆ ನಾವು ಮಾಡಿದ್ದೇನು? ‘ಪುರುಸೊತ್ತು’ ಹೆಚ್ಚಾಗಿ ‘ಇಲ್ಲ’ದ ಜೊತೆಗೇ ಕಾಣಿಸಿಕೊಳ್ಳುತ್ತದೆ. ‘ತಮಾಷೆ’ ಗೇಲಿಯಾಯಿತು. ‘ಶೌಕ್’ ಅಂತೂ ‘ಶೋಕಿ’ಯಾಗಿ, ದುಡ್ಡು ಹಾಳುಮಾಡುವವನ ಚಟಕ್ಕೆ ಹೆಸರಾಯಿತು. “ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದ” ಎಂದು ಹೇಳುವ ನಾಡಿನಲ್ಲಿ ಸುಮ್ಮನೆ ಕೂತವನ ಮೇಲೆ ಅನುಮಾನ ಸಹಜವೇ. ಆದರೆ ಆ ಅನುಮಾನ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ.

ನನ್ನ ಮಾಮೂ ಒಬ್ಬರು ಮನೆಯ ಮಾಳಿಗೆಯ ಮೇಲೆ ಪಾರಿವಾಳ ಸಾಕಿದ್ದರು. ಮಗ್ಗದ ರಾತ್ರಿ ಪಾಳಿ ಮುಗಿಸಿ ಬಂದವರು ಚಹಾ ಕುಡಿದು ಮೇಲೆ ಹತ್ತಿ ಗೂಡಿನ ಬಾಗಿಲು ತೆರೆಯುತ್ತಿದ್ದರು. ಹಕ್ಕಿಗಳು ಮೇಲೇರಿ ಸುತ್ತುಹಾಕಿ ಸೀಟಿಗೆ ಮರಳುವವರೆಗೆ ತಲೆಯೆತ್ತಿ ನಿಂತಿರುತ್ತಿದ್ದರು. ಆಮೇಲೆ ನಿದ್ದೆ. ಹನ್ನೆರಡು ಗಂಟೆ ದುಡಿದು ಬಂದ ಆ ಮನುಷ್ಯನಿಗೆ ಕೆಳಗಿನಿಂದ ಕೇಳಿಬರುತ್ತಿದ್ದ ಮಾತು ಒಂದೇ: “ಕಾಮ್ ನೈ ಧಂದಾ ನೈ, ಕಬೂತರಾಂ ಉಡಾತೆ ಬೈಠೇ.” ಇದೇ ಆಟವನ್ನು ಅಕ್ಬರ ಬಾದಶಹನೂ ಆಡುತ್ತಿದ್ದ. ಅವನು ಅದಕ್ಕಿಟ್ಟ ಹೆಸರು ‘ಇಷ್ಕ್‌ಬಾಜಿ’, ಪ್ರೇಮದ ಆಟ. ಅಬುಲ್ ಫಜಲ್ ‘ಐನೆ ಅಕ್ಬರಿ’ಯಲ್ಲಿ ಅದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಬಾದಶಹ ಆಡಿದರೆ ಇತಿಹಾಸ, ಮಗ್ಗದವ ಆಡಿದರೆ ಬೇಕಾರಿ.

ಗಳಿಸಬೇಕಾದ ಹೊತ್ತು

ಬಿಡುವು ಆಕಾಶದಿಂದ ಬೀಳುವುದಿಲ್ಲ, ಅದನ್ನು ಗಳಿಸಬೇಕು. ಇದನ್ನು ನಮ್ಮ ಭಾಗದವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 1948ರ ಕಾರ್ಖಾನೆಗಳ ಕಾಯ್ದೆ ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಸಬಾರದು, ವಾರಕ್ಕೊಂದು ರಜೆ ಕೊಡಬೇಕು ಎಂದಿತು. ಕಾಯ್ದೆಯ ಆ ಗಂಟೆಗಳು ಮಗ್ಗದ ಪಾಳಿಗಳಿಗೂ ತಂಬಾಕಿನ ವಖಾರಿಗಳಿಗೂ ತಲುಪಿದ್ದು ಎಷ್ಟು ಎಂಬುದು ಅಲ್ಲಿ ದುಡಿದವರಿಗೆ ಗೊತ್ತು. ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಣ್ಣುಮಕ್ಕಳು ಸಂಘ ಕಟ್ಟಿ ಹೋರಾಡಿದ ಕತೆಯನ್ನು ದೀಪಾ ಧನರಾಜ್ ಮತ್ತು ಗೆಳತಿಯರ ‘ಯುಗಾಂತರ’ ತಂಡ 1982ರಲ್ಲಿ ‘ತಂಬಾಕು ಚಾಕಿಲಾ ಊಬ ಆಲಿ’ ಎಂಬ ಸಾಕ್ಷ್ಯಚಿತ್ರವಾಗಿಸಿತು. ಅದನ್ನು ಸಾಮಾನ್ಯವಾಗಿ ಕೂಲಿಯ ಹೋರಾಟದ ಚಿತ್ರವೆಂದು ನೋಡುತ್ತೇವೆ. ಆದರೆ ದುಡಿಮೆಗೆ ಒಂದು ಅಳತೆ ಬೇಕು ಎಂದು ಕೇಳುವವರು ದುಡಿಮೆಯ ಆಚೆಯ ತಮ್ಮ ಹೊತ್ತನ್ನೂ ಕೇಳುತ್ತಿರುತ್ತಾರೆ. ದುಡಿಯುವ ಹೆಂಗಸು ಆ ಹೊತ್ತಿನಲ್ಲಿ ಏನು ಮಾಡಬಯಸುತ್ತಾಳೆ ಎಂದು ಮಾತ್ರ ನಮ್ಮ ಸಾಹಿತ್ಯ ಅಷ್ಟಾಗಿ ಕೇಳಿಲ್ಲ.

ಇದನ್ನು ಬಹಳ ಹಿಂದೆಯೇ ಕೇಳಿದವರೊಬ್ಬರಿದ್ದರು. ಬಂಗಾಳದ ಬೇಗಂ ರುಕಿಯಾ ಸಖಾವತ್ ಹುಸೇನ್ 1905ರಲ್ಲಿ ‘ಸುಲ್ತಾನಾಳ ಕನಸು’ ಎಂಬ ಕತೆ ಬರೆದರು. ಅದರಲ್ಲಿ ಗಂಡಸರು ಜನಾನಾದಲ್ಲಿದ್ದಾರೆ, ರಾಜ್ಯ ನಡೆಸುವವರು ಹೆಂಗಸರು. ಈ ಕತೆಯ ಸೌರಶಕ್ತಿ, ಹಾರುವ ವಾಹನಗಳ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ನನಗೆ ಮುಖ್ಯವೆನಿಸುವುದು ಬೇರೆ ವಿವರ: ಆ ನಾಡಿನ ಹೆಂಗಸರು ದಿನಕ್ಕೆ ಎರಡೇ ಗಂಟೆಯಲ್ಲಿ ಕಚೇರಿಯ ಕೆಲಸ ಮುಗಿಸುತ್ತಾರೆ. ಗಂಡಸರು ಏಳು ಗಂಟೆ ದುಡಿಯುತ್ತಾರಲ್ಲ ಎಂದರೆ, ಅದರಲ್ಲಿ ಬಹುಪಾಲು ಚುಟ್ಟಾ ಸೇದುವುದಕ್ಕೇ ಹೋಗುತ್ತದೆ ಎಂಬ ಉತ್ತರ ಬರುತ್ತದೆ. ತಂಬಾಕಿನ ಊರಿನಿಂದ ಬಂದ ನನಗೆ ಈ ಮಾತು ಬೇರೆಯೇ ರೀತಿಯಲ್ಲಿ ನಾಟಿತು. ಒಬ್ಬನ ಬಿಡುವಿನ ಹೊಗೆಗೆ ಇನ್ನೊಬ್ಬಳ ಬಿಡುವೇ ಉರಿದುಹೋಗಿರುತ್ತದೆ.

ಗಾಳಿಗೆ ತಿರುಗುವುದು

ಬಿಡುವು ಹೀಗೆ ಮೇಲು ಕೀಳಾಗಿ ಹಂಚಿಹೋಗಿರುವಂತೆ ಬಿಡುವಿನಲ್ಲಿ ಹುಟ್ಟುವ ವಸ್ತುಗಳಿಗೂ ಬೇರೆ ಬೇರೆ ಬೆಲೆಯಿದೆ. ನಮ್ಮೂರ ಜಾತ್ರೆಯಲ್ಲಿ ಗಿರಗಿಟ್ಲೆ ಮಾರುವವ ಬರುತ್ತಿದ್ದ. ಉದ್ದನೆಯ ಬಿದಿರಿಗೆ ಹುಲ್ಲಿನ ಕಟ್ಟು, ಅದಕ್ಕೆ ಚುಚ್ಚಿದ ಬಣ್ಣಬಣ್ಣದ ಕಾಗದದ ಗಿರಗಿಟ್ಲೆಗಳು. ಗಾಳಿ ಬಂತೆಂದರೆ ಎಲ್ಲವೂ ಒಮ್ಮೆಗೇ ತಿರುಗುತ್ತಿದ್ದವು. ಕೊಳ್ಳಲು ದುಡ್ಡಿಲ್ಲದ ನಾವು ಜೋಳದ ದಂಟಿನ ಬೆಂಡು, ಜಾಲಿ ಮುಳ್ಳು, ಹಳೆಯ ನೋಟುಬುಕ್ಕಿನ ಹಾಳೆಗಳಲ್ಲಿ ನಮ್ಮದನ್ನು ಮಾಡಿಕೊಳ್ಳುತ್ತಿದ್ದೆವು. ಮುಳ್ಳು ಬಿಗಿಯಾದರೆ ತಿರುಗದು, ಸಡಿಲಾದರೆ ಹಾರಿಹೋಗುವುದು. ಆ ಹದ ಸಿಗುವವರೆಗೆ ಮಧ್ಯಾಹ್ನ ಕಳೆದುಹೋಗುತ್ತಿತ್ತು.

ದೊಡ್ಡವನಾದ ಮೇಲೆ ಕಲಾ ಪತ್ರಿಕೆಯೊಂದರಲ್ಲಿ ‘ಚಲನ ಕಲೆ’ಯ ಬಗ್ಗೆ ಓದಿದೆ. ಅಮೆರಿಕದ ಅಲೆಕ್ಸಾಂಡರ್ ಕಾಲ್ಡರ್ ತಂತಿಗೆ ತಗಡಿನ ತುಂಡುಗಳನ್ನು ತೂಗಿಬಿಟ್ಟು, ಕೋಣೆಯ ಸಣ್ಣ ಗಾಳಿಗೂ ಅಲುಗುವ ಶಿಲ್ಪಗಳನ್ನು ಮಾಡಿದ. ಅವುಗಳಿಗೆ ‘ಮೊಬೈಲ್’ ಎಂದು ಹೆಸರು ಕೊಟ್ಟವನು ಮಾರ್ಸೆಲ್ ದುಶಾಂ. ಇಂದು ನಮ್ಮ ಬಿಡುವನ್ನೆಲ್ಲ ನುಂಗುವ ಕೈಯೊಳಗಿನ ಯಂತ್ರಕ್ಕೂ ಅದೇ ಹೆಸರಿರುವುದು ವಿಚಿತ್ರ. ಕಾಲ್ಡರ್ 1955ರಲ್ಲಿ ಅಹಮದಾಬಾದಿಗೆ ಬಂದು ಸಾರಾಭಾಯಿ ಕುಟುಂಬದ ಅತಿಥಿಯಾಗಿದ್ದುಕೊಂಡು ಅಲ್ಲಿಯೇ ಹಲವು ಶಿಲ್ಪಗಳನ್ನು ಮಾಡಿದ.

ಕಾಲ್ಡರ್ ಕಲಾವಿದನಾದರೆ ಜಾತ್ರೆಯ ಗಿರಗಿಟ್ಲೆಯವನು ಯಾರು? ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡವರು ಅದೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಕಲಿಸುತ್ತಿದ್ದ ಸುದರ್ಶನ್ ಖನ್ನಾ. ಊರೂರು ಅಲೆಯುವ ಕುಶಲಕರ್ಮಿಗಳು ಮಾಡಿ ಮಾರುವ, ತಿರುಗುವ, ಕುಣಿಯುವ, ಸದ್ದು ಮಾಡುವ ಆಟಿಕೆಗಳನ್ನು ಅವರು ದಾಖಲಿಸಿ 1983ರಲ್ಲಿ ಪುಸ್ತಕ ತಂದರು. ಕಾಗದ, ಬಿದಿರು, ಜೇಡಿಮಣ್ಣು, ರಬ್ಬರಿನ ಚೂರುಗಳ ಹಿಂದಿರುವ ವಿಜ್ಞಾನ ಯಾವುದು ಎಂದು ತೋರಿಸಿದರು.

ನಮ್ಮ ಓಣಿಯಲ್ಲಿ ಒಬ್ಬ ಚಾಚಾ ಇದ್ದರು. ಮಗ್ಗ ಕೆಟ್ಟರೆ ಸರಿಮಾಡುವ ಜಾಬರ್. ಪ್ರತಿವರ್ಷ ಗಣೇಶ ಚೌತಿ ಹತ್ತಿರ ಬಂದಾಗ ಮಂಡಳಿಯ ಹುಡುಗರು ಅವರನ್ನು ಕರೆದೊಯ್ಯುತ್ತಿದ್ದರು. ಹಳೆಯ ಮೋಟಾರು, ಸೈಕಲ್ಲಿನ ಚೈನು, ಮಗ್ಗದ ಬಿಡಿಭಾಗಗಳನ್ನು ಜೋಡಿಸಿ ಗೊಂಬೆಗಳ ಕೈ ಎತ್ತಿಸುವುದು, ರಾಕ್ಷಸನ ಕಣ್ಣು ತಿರುಗಿಸುವುದು ಅವರ ಕೆಲಸ. ಅದಕ್ಕೆ ಅವರು ದುಡ್ಡು ಮುಟ್ಟುತ್ತಿರಲಿಲ್ಲ. ಕೇಳಿದರೆ “ಶೌಕ್ ಹೈ ಬೇಟಾ” ಎನ್ನುತ್ತಿದ್ದರು. ಆ ಪದವನ್ನು ಅದರ ಪೂರ್ಣ ಅರ್ಥದಲ್ಲಿ ನಾನು ಮೊದಲು ಕೇಳಿದ್ದು ಅವರ ಬಾಯಲ್ಲಿ. ಹಾಗೆ ನೋಡಿದರೆ ಅವರದು ದೊಡ್ಡ ಪರಂಪರೆ. ಇಂದಿನ ತುರ್ಕಿಯ ದಿಯಾರ್‌ಬಕಿರ್‌ನ ದೊರೆಗಳಲ್ಲಿ ಕೆಲಸಕ್ಕಿದ್ದ ಅಲ್ ಜಝರಿ 1206ರಲ್ಲಿ ಬರೆದು ಮುಗಿಸಿದ ಯಂತ್ರಗಳ ಗ್ರಂಥದಲ್ಲಿ ಆನೆಯ ಆಕಾರದ ಒಂದು ಗಡಿಯಾರವಿದೆ. ಅರ್ಧ ಗಂಟೆಗೊಮ್ಮೆ ಮೇಲಿನ ಹಕ್ಕಿ ಸಿಳ್ಳೆ ಹಾಕುತ್ತದೆ, ಮಾವುತ ಕೈಯೆತ್ತಿ ಬಾರಿಸುತ್ತಾನೆ. ಹೊತ್ತು ತಿಳಿಯುವುದಷ್ಟೇ ಉದ್ದೇಶವಾಗಿದ್ದರೆ ಆನೆಯೂ ಬೇಕಿರಲಿಲ್ಲ, ಹಕ್ಕಿಯೂ ಬೇಕಿರಲಿಲ್ಲ.

ದುರ್ಬೀನು ಹಿಡಿದವರು

ಹಕ್ಕಿ ನೋಡುವ ಹವ್ಯಾಸ ನಗರಗಳಲ್ಲಿ ಈಗ ಬೆಳೆಯುತ್ತಿದೆ. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ತಿಂಗಳ ಎರಡನೆಯ ಭಾನುವಾರ ಪಕ್ಷಿವೀಕ್ಷಕರು ಸೇರುವ ಪದ್ಧತಿ 1970ರ ದಶಕದಷ್ಟು ಹಳೆಯದು. ಈಗ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಜಾಗತಿಕ ಹಕ್ಕಿ ಎಣಿಕೆಯಲ್ಲಿ ಯಾರು ಬೇಕಾದರೂ ಸೇರಬಹುದು. ಕನಿಷ್ಠ 15 ನಿಮಿಷ ಒಂದು ಕಡೆ ಕಂಡ ಹಕ್ಕಿಗಳನ್ನು ಎಣಿಸಿದರಾಯಿತು. ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ಗೋಕಾಕದ ಬಳಿ ಧೂಪದಾಳ ಅಣೆಕಟ್ಟಿನ ನೀರಿಗೆ ಹೊಂದಿಕೊಂಡು ಘಟಪ್ರಭಾ ಪಕ್ಷಿಧಾಮವಿದೆ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಬೂದು ಬಣ್ಣದ ಡೆಮೊಯ್ಸೆಲ್ ಕೊಕ್ಕರೆಗಳಿಗೆ ಅದು ಹೆಸರಾದ ಜಾಗ.

ಈ ಹವ್ಯಾಸದ ಚರಿತ್ರೆಯನ್ನು ತೆರೆದರೆ ಮುಸ್ಲಿಮರ ಹೆಸರುಗಳು ಸಾಲಾಗಿ ಬರುತ್ತವೆ. ಸಾಲಿಂ ಅಲಿ ಎಲ್ಲರಿಗೂ ಗೊತ್ತು. ಆದರೆ ಅವರ ಬದುಕಿನ ಒಂದು ತಿರುವನ್ನು ಇಲ್ಲಿ ನೆನೆಯಬೇಕು. ಬರ್ಮಾದಲ್ಲಿ ಕುಟುಂಬದ ವ್ಯಾಪಾರ ಕೈಹಿಡಿಯಲಿಲ್ಲ. ಮುಂಬೈಯ ವಸ್ತುಸಂಗ್ರಹಾಲಯದಲ್ಲಿ ಸಿಕ್ಕ ಕೆಲಸ, ಅವರು ಬರ್ಲಿನ್ನಿನಲ್ಲಿ ಅಧ್ಯಯನ ಮುಗಿಸಿ 1930ರಲ್ಲಿ ಮರಳುವಷ್ಟರಲ್ಲಿ ಹಣವಿಲ್ಲವೆಂದು ರದ್ದಾಗಿತ್ತು. ಕೈಯಲ್ಲಿ ಕೆಲಸವಿಲ್ಲದೆ, ಪತ್ನಿ ತಹಮೀನಾರೊಂದಿಗೆ ಕಡಲತೀರದ ಕಿಹಿಂ ಎಂಬ ಹಳ್ಳಿಗೆ ಹೋದರು. ಅಲ್ಲಿ ಗೀಜುಗನ ಗೂಡುಗಳ ಮುಂದೆ ದಿನಗಟ್ಟಲೆ ಕುಳಿತರು. ಗಂಡು ಹಕ್ಕಿ ಗೂಡನ್ನು ಅರ್ಧ ನೇಯ್ದು ನಿಲ್ಲಿಸುತ್ತದೆ, ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಪೂರ್ತಿ ಮಾಡುತ್ತದೆ, ಆಮೇಲೆ ಇನ್ನೊಂದು ಗೂಡಿಗೆ ಕೈಹಾಕುತ್ತದೆ ಎಂಬುದನ್ನು ಕಂಡುಕೊಂಡದ್ದು ಆ ನಿರುದ್ಯೋಗದ ದಿನಗಳಲ್ಲಿ. ಅವರಿಗೆ ವಿಜ್ಞಾನಲೋಕದಲ್ಲಿ ಹೆಸರು ತಂದ ಕೆಲಸಗಳಲ್ಲಿ ಅದೊಂದು. ನೆಂಟರಿಷ್ಟರ ಕಣ್ಣಿಗೆ ಆಗ ಅವರು ಏನಾಗಿ ಕಂಡಿರಬಹುದು? ಮಾಳಿಗೆಯ ಮೇಲಿನ ನನ್ನ ಮಾಮೂ ಕಂಡಂತೆಯೇ ಅಲ್ಲವೆ?

ಜಫರ್ ಫತೇಹಲ್ಲಿ 1960ರ ಹೊತ್ತಿಗೆ ಪಕ್ಷಿವೀಕ್ಷಕರಿಗಾಗಿ ಒಂದು ಪುಟ್ಟ ವಾರ್ತಾಪತ್ರ ಶುರುಮಾಡಿದರು. ಕಂಡದ್ದನ್ನು ಸರಳವಾಗಿ ಬರೆದು ಕಳಿಸಿದ ಯಾರಿಗೂ ಅದರಲ್ಲಿ ಜಾಗವಿತ್ತು. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಅವರು 2013ರಲ್ಲಿ ತೀರಿಕೊಂಡರು. ಇವರಿಬ್ಬರೂ ಅನುಕೂಲಸ್ಥ ಮನೆತನಗಳವರು. ಹಾಗಲ್ಲದ ಒಬ್ಬರೂ ಇದ್ದಾರೆ: ರಾಂಚಿಯ ಜಮಾಲ್ ಆರಾ. ಹೆಚ್ಚು ಶಾಲೆ ಓದದ, ಗಂಡನಿಂದ ಬೇರೆಯಾಗಿ ಮಗಳನ್ನು ಬೆಳೆಸಿದ ಈ ಹೆಣ್ಣುಮಗಳು ಛೋಟಾ ನಾಗಪುರದ ಕಾಡುಗಳಲ್ಲಿ ಹಕ್ಕಿಗಳನ್ನು ನೋಡುತ್ತ ಬರೆದರು. ಮಕ್ಕಳಿಗಾಗಿ ಅವರು ಬರೆದ ಹಕ್ಕಿಗಳ ಪುಸ್ತಕವನ್ನು ನ್ಯಾಷನಲ್ ಬುಕ್ ಟ್ರಸ್ಟ್ 1970ರಲ್ಲಿ ಪ್ರಕಟಿಸಿತು. ಅಂಥವರ ಹೆಸರು ದಶಕಗಳ ಕಾಲ ಮರೆತೇಹೋಗಿತ್ತು. ಇವರ ಬದುಕಿನ ಹೊರರೇಖೆ ಕೇಳಿದರೆ ನಾವು ಕತೆಗಾರರು ಏನು ಬರೆಯುತ್ತಿದ್ದೆವು? ಒಂಟಿ ತಾಯಿಯ ಕಣ್ಣೀರು ಬರೆಯುತ್ತಿದ್ದೆವು. ಆಕೆಯ ಕೈಯಲ್ಲಿದ್ದ ಟಿಪ್ಪಣಿ ಪುಸ್ತಕ ನಮಗೆ ಕಾಣುತ್ತಲೇ ಇರಲಿಲ್ಲ.

ಈ ಚರಿತ್ರೆಯ ಎದುರು ಇಂದಿನ ಒಂದು ಸಂಗತಿ ಹೇಳಬೇಕು. ನನ್ನ ಆಪಾಳ ಮಗ ಒಂದು ದೊಡ್ಡ ಊರಿನಲ್ಲಿ ಕೆಲಸಕ್ಕಿದ್ದಾನೆ. ಮೊದಲ ಸಂಬಳದ ಉಳಿತಾಯದಲ್ಲಿ ದುರ್ಬೀನು ಕೊಂಡು ಭಾನುವಾರ ಬೆಳಿಗ್ಗೆ ಕೆರೆಯ ಏರಿಗೆ ಹೋಗುತ್ತಿದ್ದ. ಒಂದು ದಿನ ಇಬ್ಬರು ಬಂದು ಏನು ನೋಡುತ್ತಿದ್ದೀಯ ಎಂದರು. ಹಕ್ಕಿ ಎಂದ. ಹೆಸರೇನು ಎಂದರು. ಇವನು ಖುಷಿಯಿಂದ ‘ಮಿಂಚುಳ್ಳಿ’ ಎಂದ. ಅವರು ಕೇಳಿದ್ದು ಇವನ ಹೆಸರು. ಹೆಸರು ಹೇಳಿದ ಮೇಲೆ ಪ್ರಶ್ನೆಗಳು ಹೆಚ್ಚಾದವು. ಏನೂ ಆಗಲಿಲ್ಲ, ಬಿಟ್ಟುಕಳಿಸಿದರು. ಆದರೆ ಅವನು ಈಗ ಒಬ್ಬನೇ ಹೋಗುವುದಿಲ್ಲ, ಗುಂಪಿನ ಜೊತೆ ಮಾತ್ರ ಹೋಗುತ್ತಾನೆ. ಸುಮ್ಮನೆ ನಿಂತು ನೋಡುವುದಕ್ಕೆ ದುಡ್ಡು ಬೇಡ, ಹೊತ್ತು ಸಾಕು ಎಂದುಕೊಂಡಿದ್ದೆ. ಹೊತ್ತಿನ ಜೊತೆ ಯಾರೂ ಪ್ರಶ್ನಿಸದ ಹೆಸರೂ ಬೇಕು ಎಂದು ಅವನಿಂದ ತಿಳಿಯಿತು.

ಕತೆಗಳ ಕಡೆಗೆ

ಈಗ ಸಾಹಿತ್ಯಕ್ಕೆ ಬರೋಣ. ಬಿಡುವನ್ನು ಕುರಿತ ನಮ್ಮ ಅನುಮಾನಕ್ಕೆ ಸಾಹಿತ್ಯದ ಬೆಂಬಲವೂ ಇದೆ. ಪ್ರೇಮಚಂದರ ‘ಶತರಂಜ್ ಕೆ ಖಿಲಾಡಿ’ ಕತೆ 1924ರದು, ಸತ್ಯಜಿತ್ ರಾಯ್ ಅದನ್ನು 1977ರಲ್ಲಿ ಸಿನಿಮಾ ಮಾಡಿದರು. ಅವಧ ಕೈಬಿಟ್ಟು ಹೋಗುತ್ತಿರುವಾಗ ಇಬ್ಬರು ನವಾಬಿ ಮಹಾಶಯರು ಚದುರಂಗದಲ್ಲಿ ಮುಳುಗಿರುತ್ತಾರೆ. ಈ ಕತೆಯ ಶಕ್ತಿಯನ್ನು ಅಲ್ಲಗಳೆಯಲಾಗದು. ಆದರೆ ಅದು ಎಷ್ಟು ಗಟ್ಟಿಯಾಗಿ ನಮ್ಮ ಮನಸ್ಸಿನಲ್ಲಿ ಕೂತಿದೆಯೆಂದರೆ ಮುಸಲ್ಮಾನನ ಬಿಡುವು ಎಂದ ಕೂಡಲೇ ನಮಗೆ ಹುಕ್ಕಾ, ಪಾನ್, ಅಧಃಪತನಗಳೇ ನೆನಪಾಗುತ್ತವೆ.

ಅದೇ ವಾಜಿದ್ ಅಲಿ ಶಾಹನ ಲಖನೌವನ್ನು ಇಟ್ಟುಕೊಂಡು ನಯ್ಯರ್ ಮಸೂದ್ ಬರೆದ ‘ತಾವೂಸ್ ಚಮನ್ ಕೀ ಮೈನಾ’ ಓದಿ. ಅದೇ ಹೆಸರಿನ ಸಂಕಲನಕ್ಕೆ 2001ರಲ್ಲಿ ಉರ್ದುವಿನ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಅರಮನೆಯ ತೋಟದಲ್ಲಿ ಮೈನಾಗಳ ದೊಡ್ಡ ಪಂಜರ ನೋಡಿಕೊಳ್ಳುವ ಬಡ ನೌಕರ ಕಾಲೇ ಖಾನ್. ತಾಯಿಯಿಲ್ಲದ ಅವನ ಪುಟ್ಟ ಮಗಳಿಗೆ ಒಂದು ಮೈನಾ ಬೇಕು. ಆತ ಬಾದಶಹನ ಪಂಜರದಿಂದ ಒಂದನ್ನು ಮನೆಗೆ ತಂದುಬಿಡುತ್ತಾನೆ. ಇಲ್ಲಿ ದೊರೆಯ ಶೌಕ್ ಇದೆ, ಅದರ ಪಕ್ಕದಲ್ಲಿ ಬಡ ಹುಡುಗಿಯ ಶೌಕ್ ಇದೆ. ಎರಡಕ್ಕೂ ಒಂದೇ ಹಕ್ಕಿ. ಒಬ್ಬನಿಗೆ ಅದು ನಲವತ್ತರಲ್ಲಿ ಒಂದು, ಮಗುವಿಗೆ ಅದೇ ಲೋಕ. ಪ್ರೇಮಚಂದರು ಕಂಡದ್ದು ಜವಾಬ್ದಾರಿಯಿಂದ ತಪ್ಪಿಸಿಕೊಳ್ಳುವ ಬಿಡುವನ್ನು. ಮಸೂದರು ಕಂಡದ್ದು ಪ್ರೀತಿಯ ಜವಾಬ್ದಾರಿಯೇ ಆದ ಸಣ್ಣ ಸುಖವನ್ನು. ಇವೆರಡರ ವ್ಯತ್ಯಾಸವನ್ನು ನಮ್ಮ ವಿಮರ್ಶೆ ಗುರುತಿಸಬೇಕಿತ್ತು.

ಕನ್ನಡದಲ್ಲಿ ಇದಕ್ಕೆ ಜಾಗವಿಲ್ಲದೆ ಇರಲಿಲ್ಲ. ಎ.ಎನ್. ಮೂರ್ತಿರಾಯರ ‘ಹಗಲುಗನಸುಗಳು’ ಕಾಲದಿಂದ ಲಲಿತಪ್ರಬಂಧ ಸುಮ್ಮನಿರುವುದರ ಸುಖವನ್ನು ಬರೆಯುತ್ತ ಬಂದಿದೆ. ಆದರೆ ಆ ಆರಾಮಕುರ್ಚಿ ಬಹುಮಟ್ಟಿಗೆ ಸಂಬಳ, ಪಿಂಚಣಿ ಇರುವ ಮನೆಯದು. ತೇಜಸ್ವಿ ಆ ಕುರ್ಚಿಯನ್ನು ಹೊರಗೆ ತಂದರು. ‘ಕರ್ವಾಲೊ’ (1980) ಕಾದಂಬರಿಯ ಮಂದಣ್ಣನನ್ನು ಊರು ಕೆಲಸಕ್ಕೆ ಬಾರದವನೆಂದು ನೋಡುತ್ತದೆ, ವಿಜ್ಞಾನಿ ಕರ್ವಾಲೊ ಅವನಲ್ಲಿ ಹುಟ್ಟು ಪ್ರಕೃತಿವೀಕ್ಷಕನನ್ನು ಕಾಣುತ್ತಾರೆ. ಕನ್ನಡ ಕಾದಂಬರಿ ಒಬ್ಬ ಬೇಕಾರನ ನೋಟಕ್ಕೆ ಇಷ್ಟು ದೊಡ್ಡ ಮರ್ಯಾದೆ ಕೊಟ್ಟದ್ದು ಅಪರೂಪ.

ಆದರೆ ಮುಸ್ಲಿಂ ಕತೆಗಾರರಾದ ನಾವು? ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕನ್ನಡಕ್ಕೆ ತೀರ ಅಗತ್ಯವಾಗಿದ್ದ ಕಾದಂಬರಿ. ನಾದಿರಾಳನ್ನು ನೆನೆದರೆ ಅವಳ ತಲಾಖ್ ನೆನಪಾಗುತ್ತದೆ, ಅವಳ ಕೊನೆ ನೆನಪಾಗುತ್ತದೆ. ಅವಳಿಗೆ ಏನು ಇಷ್ಟವಿತ್ತು ಎಂದರೆ ಓದುಗ ತಡಕಾಡುತ್ತಾನೆ. ಬೊಳುವಾರರ ಮುತ್ತುಪ್ಪಾಡಿಯಲ್ಲಿ ನಗು ಧಾರಾಳವಾಗಿದೆ. ಆದರೂ ಆ ನಗುವಿನ ಬೆನ್ನಿಗೆ ಯಾರೋ ಕೇಳಿದ ಒಂದು ಪ್ರಶ್ನೆಗೆ ಉತ್ತರ ಹೇಳುವ ಹೊರೆ ಇದ್ದೇ ಇರುತ್ತದೆ. ಬಾನು ಮುಷ್ತಾಕ್ ಅವರ ಕತೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ಕತೆಗಳ ಹೆಂಗಸರಿಗೂ ಉಸಿರಾಡುವಷ್ಟು ಪುರುಸೊತ್ತಿಲ್ಲ. ಇದು ಹಿರಿಯರ ಮೇಲಿನ ದೂರಲ್ಲ. ತಮ್ಮ ಕಾಲದ ಉರಿಯನ್ನು ಅವರು ಬರೆಯಲೇಬೇಕಿತ್ತು. ಅವರು ಬರೆದದ್ದರಿಂದಲೇ ನನ್ನಂಥವನು ಬರೆಯುವಂತಾದದ್ದು. ದೂರು ಇರುವುದು ಅವರ ಹಿಂದೆ ಬಂದ ನನ್ನಂಥವರ ಮೇಲೆ. ಸಂಪಾದಕರು, ಓದುಗರು, ಬಹುಮಾನದ ತೀರ್ಪುಗಾರರು ಮುಸ್ಲಿಂ ಪಾತ್ರದಿಂದ ಒಂದು ಸಮಸ್ಯೆಯನ್ನು ನಿರೀಕ್ಷಿಸುತ್ತಾರೆ ಎಂದು ನಮಗೆ ಗೊತ್ತಾಗಿಬಿಟ್ಟಿದೆ. ನಾವು ಅದನ್ನು ಒದಗಿಸುತ್ತಿದ್ದೇವೆ. ಸಮಸ್ಯೆಯಾಗಿ ಮಾತ್ರ ಕಾಣುವ ಮನುಷ್ಯ ಕೆರೆಯ ಏರಿಯ ಮೇಲೆ ಸುಮ್ಮನೆ ನಿಂತರೆ ಜನ ಅನುಮಾನಪಡದೆ ಏನು ಮಾಡುತ್ತಾರೆ? ನನ್ನ ಆಪಾಳ ಮಗನನ್ನು ನಿಲ್ಲಿಸಿ ಕೇಳಿದವರು ನನ್ನ ಕತೆಗಳನ್ನು ಓದಿದವರೇನಲ್ಲ. ಆದರೂ ಮುಸಲ್ಮಾನನಿಗೂ ಇಂಥ ಬಿಡುವು ಇರುತ್ತದೆ ಎಂದು ಕನ್ನಡದ ಕಲ್ಪನೆಯಲ್ಲಿ ದಾಖಲಾಗದೆ ಇರುವುದರಲ್ಲಿ ನನ್ನ ಪಾಲೂ ಇದೆ.

ಪಕ್ಕದ ಮಲಯಾಳಂನಲ್ಲಿ ಬಷೀರ್ ಇದನ್ನು 1959ರಷ್ಟು ಹಿಂದೆಯೇ ಮಾಡಿ ತೋರಿಸಿದರು. ‘ಪಾತುಮ್ಮಳ ಆಡು’ ಕಾದಂಬರಿಯಲ್ಲಿ ಬಡತನವಿದೆ, ಕಿಕ್ಕಿರಿದ ಮನೆಯಿದೆ, ಜಗಳಗಳಿವೆ. ವಿಶ್ರಾಂತಿಗೆಂದು ಮನೆಗೆ ಬಂದ ಲೇಖಕನ ಪುಸ್ತಕಗಳನ್ನೇ ಆಡು ತಿಂದುಹಾಕುತ್ತದೆ. ಆ ಮನೆಯ ಒಬ್ಬರೂ ಸಮಸ್ಯೆಯ ಪ್ರತಿನಿಧಿಗಳಾಗಿ ಬಂದಿಲ್ಲ. ಅವರ ಕಷ್ಟವನ್ನು ಮರೆಮಾಚದೆಯೂ ಅವರಿಗೆ ಪುರುಸೊತ್ತು ಕೊಡಲು ಸಾಧ್ಯವಾಯಿತು.

ಕೊನೆಯದಾಗಿ ಅಮ್ಮಾಳ ವಿಷಯ. ಈದ್‌ಗೆ ಮುಂಚೆ ಮಾಳಿಗೆಯ ಮೇಲೆ ಶಾವಿಗೆ ಒಣಹಾಕಿದಾಗ ಹಕ್ಕಿ ಓಡಿಸಲು ಒಬ್ಬರು ಕೂರಬೇಕಿತ್ತು. ಅಮ್ಮಾ ಆ ಕೆಲಸವನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಮಕ್ಕಳು ಹೋಗುತ್ತೇವೆಂದರೆ ಬೈಯುತ್ತಿದ್ದಳು. ಒಮ್ಮೆ ಮೇಲೆ ಹೋದಾಗ ಕಂಡೆ, ಕೋಲು ಪಕ್ಕದಲ್ಲಿ ಬಿದ್ದಿತ್ತು; ಮೂರು ನಾಲ್ಕು ಗೊರವಂಕಗಳು ಶಾವಿಗೆಯ ಚೂರು ಹೆಕ್ಕುತ್ತಿದ್ದವು. ಅಮ್ಮಾ ನನಗೆ ಸುಮ್ಮನಿರು ಎಂದು ಕೈಸನ್ನೆ ಮಾಡಿ, ಒಂದು ಕಾಲು ಕುಂಟುವುದನ್ನು ತೋರಿಸಿ, “ಇದು ದಿನಾ ಅಸರ್ ಹೊತ್ತಿಗೆ ಬರ್ತದೆ” ಎಂದಳು. ಕೆಲಸದ ಹೆಸರಿನಲ್ಲಿ ಅವಳು ಗಳಿಸಿಕೊಂಡ ಪುರುಸೊತ್ತು ಅದು. ಆ ಮಾಳಿಗೆಯನ್ನು ನಾನು ಕತೆಯಲ್ಲಿ ಬಳಸಿದ್ದೇನೆ. ಅಲ್ಲಿಂದ ಒಬ್ಬಳನ್ನು ಬೀಳಿಸಿದ್ದೇನೆ, ಇನ್ನೊಂದು ಕತೆಯಲ್ಲಿ ಗಲಭೆಯ ಹೊಗೆ ತೋರಿಸಿದ್ದೇನೆ. ಗೊರವಂಕ ಮಾತ್ರ ಬಂದಿಲ್ಲ.

ಊರಿನ ಆ ಹಿರಿಯರ ಮಾತಿನ ನಂತರ ಅದನ್ನು ಬರೆಯಲು ಕುಳಿತಿದ್ದೇನೆ. ಒಬ್ಬ ಹೆಂಗಸು ಮಾಳಿಗೆಯ ಮೇಲೆ ಹತ್ತು ನಿಮಿಷ ಸುಮ್ಮನೆ ಕೂರಬೇಕು, ಅಷ್ಟೇ ಕತೆ. ಮೂರು ಸಲ ಬರೆದೆ. ಮೂರು ಸಲವೂ ಕೆಳಗೆ ಯಾರೋ ಬಾಗಿಲು ಬಡಿದರು, ಅವಳು ಎದ್ದು ಹೋದಳು. ಬಾಗಿಲು ಬಡಿದವನು ನಾನೇ. ಅದನ್ನು ನಿಲ್ಲಿಸುವುದು ನಾನಂದುಕೊಂಡದ್ದಕ್ಕಿಂತ ಕಷ್ಟವಾಗಿದೆ.